ನಿದ್ದೆಯಿಂದ ಎದ್ದ ಕಂಪ್ಯೂಟರು, ಏಳದ ಉಪಕರಣ

(ಬೆಳುಗುಪ್ಪದಲ್ಲಿ ಸೇರಿದ್ದ ಸದಸ್ಯ ಬೆಳೆಗಾರರ ಸಭೆಯಲ್ಲಿ ಕಾರ್ಖಾನೆಯ ತೂಕ ಮತ್ತು ಲೆಕ್ಕ ವಿಭಾಗದ ಪರವಾಗಿ ಮಾಡಿದ ಭಾಷಣ)



ಬಿತ್ತನೆ ತುಂಡುಗಳ ಆಯ್ಕೆ, ಕೂಳೆ ಕಬ್ಬಿನ ಆರೈಕೆ, ಕೆಂಪು ಕೊಳೆ ರೋಗದ ಹತೋಟಿ, ಇಂಥ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದುವುದು ತಮಗೆ ರೂಢಿ. ಇಂದು ನಾನು ಕಂಪ್ಯೂಟರಿನ ನಿದ್ದೆಯ ವಿಷಯ ಮಾತನಾಡಲು ಬಂದಿದ್ದೇನೆಂದರೆ ಕೆಲವರಿಗೆ ನಗು ಬರಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ತಮ್ಮ ಕಬ್ಬಿನ ತೂಕದ ಚೀಟಿ ಬರುವುದು ಕಂಪ್ಯೂಟರಿನಿಂದ. ಬಿಲ್ಲು ಬರುವುದು ಅದರಿಂದ. ಬ್ಯಾಂಕಿನ ಪಾಸು ಪುಸ್ತಕ ಮುದ್ರಣವಾಗುವುದು ಅದರಿಂದ. ಸಬ್ಸಿಡಿಗೆ ಬೆರಳು ಒತ್ತುವುದೂ ಅದಕ್ಕೆ ಜೋಡಿಸಿದ ಸಣ್ಣ ಯಂತ್ರದ ಮೇಲೆ. ಮನೆಯಲ್ಲಿ ಮಗನೋ ಮಗಳೋ ಓದುತ್ತಿದ್ದರೆ ಅಲ್ಲಿಯೂ ಒಂದು ಲ್ಯಾಪ್‌ಟಾಪು ಇರುತ್ತದೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೊಳವೆ ಬಾವಿಯ ನೀರನ್ನು ಹನಿಹನಿಯಾಗಿ ಎಣಿಸಿ ಕಬ್ಬು ಬೆಳೆದವನಿಗೆ ಕೊನೆಯ ಹತ್ತು ನಿಮಿಷದಲ್ಲಿ, ತೂಕದ ಕಿಟಕಿಯ ಮುಂದೆ, ನಷ್ಟವಾಗಬಾರದು. ಆದುದರಿಂದ ಈ ವಿಷಯ.

ದೂರು ಏನು?

ಎಲ್ಲೆಡೆಯೂ ಕೇಳಿಬರುವ ದೂರು ಒಂದೇ ಬಗೆಯದು. "ರಾತ್ರಿ ಸರಿಯಾಗಿತ್ತು. ಬೆಳಿಗ್ಗೆ ಬಂದು ಗುಂಡಿ ಒತ್ತಿದೆ, ಪರದೆ ಬೆಳಗಿತು, ಆದರೆ ಪ್ರಿಂಟರು ಮಾತು ಕೇಳುತ್ತಿಲ್ಲ." ಮತ್ತೊಬ್ಬರು ಮೌಸು ಸತ್ತಿದೆ ಎನ್ನುತ್ತಾರೆ. ಬೆರಳಚ್ಚಿನ ಯಂತ್ರದ ದೀಪ ಉರಿಯುತ್ತಿಲ್ಲ ಎಂದು ಇನ್ನೊಬ್ಬರ ದೂರು. ಪ್ರಿಂಟರು ಕೆಟ್ಟಿದೆಯೆಂದು ಅದನ್ನು ಹೊತ್ತು ಪಟ್ಟಣಕ್ಕೆ ಹೋದವರಿದ್ದಾರೆ. ಅಲ್ಲಿ ಅಂಗಡಿಯವನು ತಂತಿ ಚುಚ್ಚಿದೊಡನೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಟ್ಟಿದ್ದರೆ ತಾನೇ ರಿಪೇರಿ? ಅದು ಕೆಟ್ಟಿರಲಿಲ್ಲ. ಕಂಪ್ಯೂಟರು ಎದ್ದಿತ್ತು, ಉಪಕರಣ ಎದ್ದಿರಲಿಲ್ಲ. ಇವೆರಡರ ವ್ಯತ್ಯಾಸ ತಿಳಿದರೆ ಬಸ್ಸಿನ ಖರ್ಚೂ ಉಳಿಯುತ್ತದೆ, ದಿನವೂ ಉಳಿಯುತ್ತದೆ.

ನಿದ್ದೆಯೆಂದರೇನು?

ಕಂಪ್ಯೂಟರು ಸುಮ್ಮನಿರುವುದರಲ್ಲಿ ಮೂರು ಬಗೆಗಳಿವೆ. ಮೊದಲನೆಯದು "ಸ್ಲೀಪ್", ಅಂದರೆ ನಿದ್ದೆ. ಕೆಲಸದ ವಿವರವೆಲ್ಲ ಅದರ ತಾತ್ಕಾಲಿಕ ನೆನಪಿನಲ್ಲಿಯೇ ಇರುತ್ತದೆ. ಆ ನೆನಪನ್ನು ಉಳಿಸಲು ಬೇಕಾದಷ್ಟೇ ವಿದ್ಯುತ್ತು ಹರಿಯುತ್ತದೆ. ಮನೆಯವರೆಲ್ಲ ಮಲಗಿ ದೇವರ ಮುಂದೆ ಒಂದು ದೀಪ ಉರಿಯುತ್ತಿದ್ದಂತೆ. ಎರಡನೆಯದು "ಹೈಬರ್ನೇಟ್". ಇದರಲ್ಲಿ ಆ ವಿವರವನ್ನು ಡಿಸ್ಕಿನ ಮೇಲೆ ಬರೆದಿಟ್ಟು ವಿದ್ಯುತ್ತನ್ನು ಪೂರ್ತಿ ನಿಲ್ಲಿಸುತ್ತದೆ. ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟು ದೀಪ ಆರಿಸಿ ಮಲಗಿದಂತೆ. ಮೂರನೆಯದು "ಷಟ್‌ಡೌನ್", ಅಂಗಡಿಯನ್ನೇ ಮುಚ್ಚಿದಂತೆ.

ಈ ನಿದ್ದೆಯ ಏರ್ಪಾಡು ಬಂದುದು ವಿದ್ಯುತ್ತಿನ ಉಳಿತಾಯಕ್ಕಾಗಿ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ನಿಯಮಾವಳಿಯನ್ನು ಪ್ರಕಟಿಸಿದವು. ಯಂತ್ರದ ಯಾವ ಭಾಗ ಯಾವಾಗ ಮಲಗಬೇಕು, ಹೇಗೆ ಏಳಬೇಕು ಎಂಬುದನ್ನು ನಡೆಸುವ ತಂತ್ರಾಂಶವೇ ನಿರ್ಧರಿಸುವ ಪದ್ಧತಿ ಅಂದಿನಿಂದ ಬಲಗೊಂಡಿತು. ಅದೇ ವರ್ಷದ ಜನವರಿಯಲ್ಲಿ ಯುಎಸ್‌ಬಿ ಎಂಬ ಜೋಡಣೆಯ ಮೊದಲ ನಿಯಮಾವಳಿ ಹೊರಬಂದಿತ್ತು. ಈಗ ಪ್ರಿಂಟರು, ಮೌಸು, ಬೆರಳಚ್ಚಿನ ಯಂತ್ರ, ಪೆನ್‌ಡ್ರೈವು ಎಲ್ಲವನ್ನೂ ಚುಚ್ಚುವ ಚಪ್ಪಟೆ ರಂಧ್ರ ಅದರದೇ. ಇಂಟೆಲ್ ಕಂಪನಿಯಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯರಲ್ಲಿ ಒಬ್ಬರು ನಮ್ಮ ದೇಶದ ಅಜಯ್ ಭಟ್, ವಡೋದರದಲ್ಲಿ ಇಂಜಿನಿಯರಿಂಗ್ ಓದಿದವರು. ಒಂದೇ ವರ್ಷದಲ್ಲಿ ಬಂದ ಈ ಎರಡು ಏರ್ಪಾಡುಗಳು ಒಂದರೊಡನೊಂದು ಹೊಂದಿಕೊಳ್ಳದೆ ಹೋದಾಗ ನಮ್ಮ ಈ ದೂರು ಹುಟ್ಟುತ್ತದೆ.

ಉಪಕರಣ ಏಕೆ ಏಳುವುದಿಲ್ಲ?

ಜೀಡಿಪಲ್ಲಿ ಜಲಾಶಯ ಈ ಬೆಳುಗುಪ್ಪ ಮಂಡಲದಲ್ಲಿಯೇ ಇದೆ. ಹಂದ್ರಿ-ನೀವಾ ಯೋಜನೆಯ ಮೊದಲ ಹಂತದ ನೀರು 2012ರಲ್ಲಿ ಹರಿದು ಬಂದ ಸುದ್ದಿ ತಮಗೆ ನೆನಪಿರಬಹುದು. ಶ್ರೀಶೈಲದ ಹಿನ್ನೀರಿನ ಬಳಿ ಮಾಲ್ಯಾಲದಲ್ಲಿ ಎತ್ತಿದ ಕೃಷ್ಣೆಯ ನೀರನ್ನು ಒಂದಾದ ಮೇಲೊಂದು ಪಂಪು ಸ್ಥಾವರ ಮೇಲೆತ್ತಿ ಇಲ್ಲಿಗೆ ತಲಪಿಸಬೇಕು. ನಡುವಿನ ಒಂದು ಸ್ಥಾವರ ಚಾಲೂ ಆಗದಿದ್ದರೆ ಅದರ ಮುಂದಿನ ಸ್ಥಾವರದ ಮೋಟಾರು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ನೀರಿಲ್ಲ. ಅದನ್ನು ಬಿಚ್ಚಿ ರಿಪೇರಿ ಮಾಡುವುದು ವ್ಯರ್ಥ.

ಕಂಪ್ಯೂಟರು ಏಳುವುದೂ ಹೀಗೆ ಸಾಲಾಗಿ. ಮೊದಲು ಅದರ ಮಿದುಳಾದ ಪ್ರೊಸೆಸರು, ಆಮೇಲೆ ಯುಎಸ್‌ಬಿಯನ್ನು ನಡೆಸುವ ನಿಯಂತ್ರಕ, ಆಮೇಲೆ ಹಬ್ಬು ಎಂಬ ಕವಲು, ಕೊನೆಯಲ್ಲಿ ತಮ್ಮ ಪ್ರಿಂಟರು ಅಥವಾ ಬೆರಳಚ್ಚಿನ ಯಂತ್ರ. ನಡುವೆ ಒಂದು ಏಳದಿದ್ದರೆ ಕೊನೆಯದು ಸತ್ತಂತೆ ಕಾಣುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿವೆ.

ಒಂದು, ವಿದ್ಯುತ್ತು. ಯುಎಸ್‌ಬಿಯ ಎರಡನೆಯ ಆವೃತ್ತಿಯ ರಂಧ್ರವೊಂದು ಎಚ್ಚರವಿದ್ದಾಗ ಉಪಕರಣಕ್ಕೆ 500 ಮಿಲಿ ಆಂಪಿಯರ್‌ವರೆಗೆ ಕೊಡಬಲ್ಲುದು. ತಂತಿಯ ಮೇಲೆ 3 ಮಿಲಿ ಸೆಕೆಂಡು ಏನೂ ಸದ್ದಿಲ್ಲದಿದ್ದರೆ ಉಪಕರಣ ತೂಕಡಿಸಬೇಕೆಂದು ನಿಯಮ. ಆಗ ಅದು ಎಳೆಯಬಹುದಾದುದು ಹೆಚ್ಚೆಂದರೆ 2.5 ಮಿಲಿ ಆಂಪಿಯರ್, ಅಂದರೆ ಇನ್ನೂರರಲ್ಲಿ ಒಂದು ಪಾಲು. ಕೆಲವು ಯಂತ್ರಗಳಲ್ಲಿ ನಿದ್ದೆಯ ಹೊತ್ತಿಗೆ ಅದೂ ಪೂರ್ತಿ ನಿಲ್ಲುತ್ತದೆ. ಮತ್ತೆ ಎದ್ದಾಗ ಒಂದೇ ಹಬ್ಬಿಗೆ ನಾಲ್ಕು ಉಪಕರಣ ಚುಚ್ಚಿದ್ದರೆ ನಾಲ್ಕೂ ಒಮ್ಮೆಗೇ ವಿದ್ಯುತ್ತು ಎಳೆಯುತ್ತವೆ. ಕರೆಂಟು ಬಂದ ಕೂಡಲೇ ಊರಿನ ಎಲ್ಲ ಪಂಪುಸೆಟ್ಟುಗಳೂ ಒಟ್ಟಿಗೆ ಚಾಲೂ ಆದರೆ ವೋಲ್ಟೇಜು ಕುಸಿದು ಒಂದೂ ಸರಿಯಾಗಿ ಓಡದಿರುವುದನ್ನು ತಾವು ನೋಡಿಲ್ಲವೇ? ಇದೂ ಅದೇ.

ಎರಡು, ಚಾಲಕ ತಂತ್ರಾಂಶ. ಪ್ರತಿ ಉಪಕರಣವನ್ನು ನಡೆಸಲು "ಡ್ರೈವರ್" ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿರುತ್ತದೆ. ಉಪಕರಣ ಮಲಗಿದಾಗ ತನ್ನ ಹಿಂದಿನ ಸ್ಥಿತಿಯನ್ನು ಮರೆಯಬಹುದು. ಎದ್ದ ಮೇಲೆ ಡ್ರೈವರು ಅದನ್ನು ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕು. ಫುಟ್‌ವಾಲ್ವು ಸೋರಿ ಪಂಪಿನ ನೀರು ಇಳಿದುಹೋದರೆ ಮತ್ತೆ ನೀರು ತುಂಬಿಸಿ ಚಾಲೂ ಮಾಡಬೇಕಲ್ಲವೇ? ನೀರು ತುಂಬಿಸದೆ ಗುಂಡಿ ಒತ್ತಿದರೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಹಳೆಯ ಅಥವಾ ಸರಿಯಾಗಿ ಬರೆಯದ ಡ್ರೈವರು ಈ ಕೆಲಸವನ್ನು ಮರೆಯುತ್ತದೆ.

ಮೂರು, ಬಳಸುವ ಕಾರ್ಯಕ್ರಮ. ಕಂಪ್ಯೂಟರೂ ಎದ್ದಿರುತ್ತದೆ, ಉಪಕರಣವೂ ಎದ್ದಿರುತ್ತದೆ. ಆದರೆ ತೂಕದ ಅಥವಾ ಬಿಲ್ಲಿನ ಕಾರ್ಯಕ್ರಮ ನಿನ್ನೆಯ ಸಂಪರ್ಕವನ್ನೇ ಹಿಡಿದುಕೊಂಡು ಕುಳಿತಿರುತ್ತದೆ. ಇದು ಎಲ್ಲಕ್ಕಿಂತ ಅಪಾಯದ್ದು. ಮುಂದೆ ಹೇಳುತ್ತೇನೆ.

ಪರಿಹಾರದ ಕ್ರಮ

ಮೊದಲ ಮಾತು: ಎಲ್ಲವನ್ನೂ ಒಮ್ಮೆಗೇ ಕೀಳಬೇಡಿ. ಐದು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ನಾಳೆ ಮತ್ತೆ ಅದೇ ಪಾಡು. ಗೊಬ್ಬರ, ಔಷಧಿ, ನೀರು ಮೂರನ್ನೂ ಒಂದೇ ದಿನ ಕೊಟ್ಟವನಿಗೆ ಕಬ್ಬು ಯಾವುದರಿಂದ ಚೇತರಿಸಿತೆಂದು ಹೇಗೆ ಗೊತ್ತಾಗಬೇಕು? ಈ ಕೆಳಗಿನ ಕ್ರಮದಲ್ಲಿ, ಒಂದೊಂದಾಗಿ ಮಾಡಿ.

1. ಅರ್ಧ ನಿಮಿಷ ಕಾಯಿರಿ. ಎದ್ದ ಕೂಡಲೇ ಓಡು ಎಂದರೆ ಎತ್ತೂ ಓಡದು. ಹಲವು ಉಪಕರಣಗಳು ತಾವಾಗಿಯೇ ಏಳುತ್ತವೆ.

2. ಪರದೆಯೇ ಬೆಳಗದಿದ್ದರೆ, ಮೌಸು ಅಲುಗಿಸಿದರೂ ಏಳದಿದ್ದರೆ, ಪವರ್ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ. ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಯಂತ್ರ ಬಲವಂತವಾಗಿ ಆರಿ, ಉಳಿಸದ ಲೆಕ್ಕವೆಲ್ಲ ಹೋಗುತ್ತದೆ. ಅದು ಬೇರೆ ದಾರಿಯೇ ಇಲ್ಲದಾಗ ಮಾಡುವ ಕೊನೆಯ ಕೆಲಸ.

3. ಉಪಕರಣದ ದೀಪವನ್ನು ನೋಡಿ. ದೀಪವಿಲ್ಲವಾದರೆ ವಿದ್ಯುತ್ತಿನ ದೋಷ: ತಂತಿ ಸಡಿಲವಾಗಿದೆಯೋ, ಹಬ್ಬು ಸತ್ತಿದೆಯೋ ನೋಡಿ. ದೀಪವಿದ್ದೂ ಕೆಲಸವಿಲ್ಲವಾದರೆ ಡ್ರೈವರಿನ ಅಥವಾ ಕಾರ್ಯಕ್ರಮದ ದೋಷ. ಈ ಒಂದು ನೋಟದಿಂದ ಅರ್ಧ ಹುಡುಕಾಟ ತಪ್ಪುತ್ತದೆ.

4. ಆ ಒಂದು ಉಪಕರಣದ ತಂತಿಯನ್ನು ಮಾತ್ರ ತೆಗೆದು, ಹತ್ತು ಎಣಿಸಿ, ಅದೇ ರಂಧ್ರಕ್ಕೆ ಮತ್ತೆ ಚುಚ್ಚಿ. ಅದೇ ರಂಧ್ರಕ್ಕೆ ಎಂಬುದನ್ನು ನೆನಪಿಡಿ. ಕೆಲವು ಉಪಕರಣಗಳಿಗೆ ಸ್ವಂತ ಕ್ರಮಸಂಖ್ಯೆ ಇರುವುದಿಲ್ಲ. ಬೇರೆ ರಂಧ್ರಕ್ಕೆ ಚುಚ್ಚಿದರೆ ಕಂಪ್ಯೂಟರು ಅದನ್ನು ಹೊಸ ಉಪಕರಣವೆಂದೇ ಎಣಿಸಿ ಹೊಸ ಸಂಖ್ಯೆ ಕೊಡುತ್ತದೆ. ಕಾರ್ಯಕ್ರಮ ಹಳೆಯ ಸಂಖ್ಯೆಯಲ್ಲಿಯೇ ಹುಡುಕುತ್ತಿರುತ್ತದೆ. ಲೆಕ್ಕಪತ್ರವಿರುವ ಪೆನ್‌ಡ್ರೈವನ್ನು ಮಾತ್ರ ಹೀಗೆ ಕೀಳಬಾರದು. ಮೊದಲು "ಇಜೆಕ್ಟ್" ಎಂಬ ಆಜ್ಞೆ ಕೊಟ್ಟು ತೆಗೆಯಬೇಕು. ಕಂಪ್ಯೂಟರನ್ನು ಮಲಗಿಸುವ ಮುನ್ನವೇ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

5. ಬಳಸುತ್ತಿದ್ದ ಕಾರ್ಯಕ್ರಮವನ್ನು ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಸಂಪರ್ಕ ಬಿಟ್ಟು ಹೊಸದು ಹಿಡಿಯುತ್ತದೆ.

6. ಪ್ರಿಂಟರಾದರೆ, ಮುದ್ರಣದ ಆಜ್ಞೆಯನ್ನು ಹತ್ತು ಬಾರಿ ಒತ್ತಬೇಡಿ. ಆ ಹತ್ತೂ ಸಾಲಿನಲ್ಲಿ ಕಾದಿರುತ್ತವೆ. ಪ್ರಿಂಟರು ಎದ್ದೊಡನೆ ಒಂದೇ ಚೀಟಿಯ ಹತ್ತು ಪ್ರತಿಗಳು ಹೊರಬೀಳುತ್ತವೆ. ಒಂದೇ ತೂಕಕ್ಕೆ ಹತ್ತು ಚೀಟಿ ಊರಿನಲ್ಲಿ ತಿರುಗಿದರೆ ಏನೇನು ಜಗಳ ಬಂದೀತೆಂದು ತಾವೇ ಊಹಿಸಿ. ಕಾದಿರುವ ಸಾಲನ್ನು ಅಳಿಸಿ, "ಆಫ್‌ಲೈನ್" ಎಂಬ ಗುರುತು ಬಿದ್ದಿದ್ದರೆ ತೆಗೆದು, ಒಮ್ಮೆ ಮಾತ್ರ ಒತ್ತಿ. ಪ್ರಿಂಟರು ತಂತಿಯಿಲ್ಲದೆ ವೈಫೈ ಮೂಲಕ ಜೋಡಿಸಿದ್ದಾದರೆ, ಕರೆಂಟು ಹೋಗಿ ಬಂದಾಗ ಅದರ ವಿಳಾಸ ಬದಲಾಗಿರಬಹುದು. ಸ್ಥಿರ ವಿಳಾಸ ಕೊಡಲು ಒಮ್ಮೆ ತಿಳಿದವರಿಂದ ಹೇಳಿಸಿ.

7. ಇಷ್ಟಕ್ಕೂ ಬಗ್ಗದಿದ್ದರೆ ಕಂಪ್ಯೂಟರನ್ನು "ರೀಸ್ಟಾರ್ಟ್" ಮಾಡಿ. ಷಟ್‌ಡೌನ್ ಮಾಡಿ ಮತ್ತೆ ಹಾಕುವುದು ಇದಕ್ಕೆ ಸಮವಲ್ಲ. ಇದು ಅನೇಕರಿಗೆ ಗೊತ್ತಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ "ಫಾಸ್ಟ್ ಸ್ಟಾರ್ಟಪ್" ಎಂಬ ಏರ್ಪಾಡಿದೆ. ಬೇಗ ಏಳಲೆಂದು ಷಟ್‌ಡೌನ್ ಮಾಡುವಾಗಲೂ ಅದು ಒಳಗಿನ ಕೆಲವು ವಿವರಗಳನ್ನು ಡ್ರೈವರುಗಳ ಸ್ಥಿತಿಯೊಡನೆ ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ದೋಷವೂ ಅದರೊಡನೆ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

ಮತ್ತೆ ಮತ್ತೆ ಹೀಗಾದರೆ

ಮೇಲಿನದು ಆ ಹೊತ್ತಿನ ಉಪಶಮನ. ದಿನವೂ ಹೀಗೇ ಆಗುತ್ತಿದ್ದರೆ ಬೇರಿಗೆ ಕೈ ಹಾಕಬೇಕು. ವಿಂಡೋಸ್ ಇರುವ ಯಂತ್ರದಲ್ಲಿ "ಪವರ್ ಆಪ್ಷನ್ಸ್" ಎಂಬಲ್ಲಿ ಮುಂದುವರಿದ ಏರ್ಪಾಡುಗಳನ್ನು ತೆರೆದರೆ ಯುಎಸ್‌ಬಿಯ ಕೆಳಗೆ "ಸೆಲೆಕ್ಟಿವ್ ಸಸ್ಪೆಂಡ್" ಎಂದಿರುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ಕಾಣಿಸದಿರಬಹುದು. ಆಗ "ಡಿವೈಸ್ ಮ್ಯಾನೇಜರ್" ತೆರೆದು, "ಯುಎಸ್‌ಬಿ ರೂಟ್ ಹಬ್" ಎಂಬುದರ "ಪವರ್ ಮ್ಯಾನೇಜ್‌ಮೆಂಟ್" ಪುಟದಲ್ಲಿ, ವಿದ್ಯುತ್ತು ಉಳಿಸಲು ಈ ಉಪಕರಣವನ್ನು ಆರಿಸಬಹುದು ಎಂಬ ಅರ್ಥದ ಸಾಲಿನ ಮುಂದಿರುವ ಗುರುತನ್ನು ತೆಗೆಯಿರಿ. ಎರಡು ಮೂರು ರೂಟ್ ಹಬ್ಬುಗಳಿದ್ದರೆ ಎಲ್ಲಕ್ಕೂ ಹಾಗೆಯೇ ಮಾಡಿ.

ಡ್ರೈವರಿನ ಹೊಸ ಆವೃತ್ತಿ ಬೇಕಾದರೆ ಆ ಉಪಕರಣ ತಯಾರಿಸಿದ ಕಂಪನಿಯಿಂದಲೇ ಪಡೆಯಿರಿ. ತಾನಾಗಿ ಫೋನು ಮಾಡಿ "ನಿಮ್ಮ ಕಂಪ್ಯೂಟರು ಸರಿಪಡಿಸುತ್ತೇನೆ, ಈ ಆ್ಯಪ್ ಹಾಕಿಕೊಳ್ಳಿ" ಎನ್ನುವವನಿಗೆ ಕಿವಿ ಕೊಡಬೇಡಿ. ಅಂಥವನ ಕೈಗೆ ಕಂಪ್ಯೂಟರು ಕೊಟ್ಟರೆ ಬ್ಯಾಂಕಿನ ಬೀಗದ ಕೈ ಕೊಟ್ಟಂತೆಯೇ.

ಹಲವು ಉಪಕರಣಗಳಿದ್ದರೆ ಸ್ವಂತ ವಿದ್ಯುತ್ ತಂತಿಯಿರುವ ಹಬ್ಬನ್ನು ಬಳಸಿ. ಆಗ ಕಂಪ್ಯೂಟರಿನ ರಂಧ್ರದ ಮೇಲೆ ಹೊರೆ ಬೀಳದು. ಯುಪಿಎಸ್ ಇರಲಿ, ಅರ್ಥಿಂಗ್ ಸರಿಯಿರಲಿ.

ಕೊನೆಯದಾಗಿ, ಎಲ್ಲಕ್ಕಿಂತ ಸುಲಭದ ಪರಿಹಾರ: ಕೆಲಸದ ಕಂಪ್ಯೂಟರನ್ನು ಮಲಗಿಸಲೇಬೇಡಿ. ಪರದೆ ಮಾತ್ರ ಆರಲಿ, ಯಂತ್ರ ಎಚ್ಚರವಿರಲಿ ಎಂದು ಏರ್ಪಡಿಸಬಹುದು. ಕಬ್ಬು ಅರೆಯುವ ಹಂಗಾಮಿನಲ್ಲಿ ತೂಕದ ಮನೆಯ ಕಂಪ್ಯೂಟರಿಗೆ ನಿದ್ದೆ ಇರಕೂಡದು. ಕಾವಲುಗಾರ ನಿದ್ದೆ ಮಾಡಿದರೆ ಒಪ್ಪುತ್ತೇವೆಯೇ?

ತೂಕದ ಮನೆಯಲ್ಲಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಾರಿ ತೂಗುವ ಸೇತುವೆಯ ಕೆಳಗಿರುವ ಲೋಡ್ ಸೆಲ್ಲುಗಳು ಭಾರವನ್ನು ಅಳೆದು ಸೂಚಕಕ್ಕೆ ಕಳಿಸುತ್ತವೆ. ಸೂಚಕವೆಂದರೆ ಹೊಳೆಯುವ ಅಂಕಿಗಳ ಪೆಟ್ಟಿಗೆ. ಅದು ತೂಕವನ್ನು ತೋರಿಸುವುದಲ್ಲದೆ ಒಂದು ತಂತಿಯ ಮೂಲಕ ಕಂಪ್ಯೂಟರಿಗೂ ಕಳಿಸುತ್ತದೆ. ಸಾಮಾನ್ಯವಾಗಿ ಈ ತಂತಿ ಆರ್‌ಎಸ್-232 ಎಂಬ ಬಹು ಹಳೆಯ ಪದ್ಧತಿಯದು, 1960ರಿಂದ ಬಳಕೆಯಲ್ಲಿದೆ. ಹೊಸ ಕಂಪ್ಯೂಟರುಗಳಲ್ಲಿ ಆ ಜಾತಿಯ ರಂಧ್ರವಿರುವುದು ಅಪರೂಪವಾದ್ದರಿಂದ ನಡುವೆ ಯುಎಸ್‌ಬಿ ಪರಿವರ್ತಕವೆಂಬ ಸಣ್ಣ ತುಂಡನ್ನು ಹಾಕುತ್ತಾರೆ.

ಕಂಪ್ಯೂಟರು ಮಲಗಿ ಎದ್ದಾಗ ಈ ಪರಿವರ್ತಕ ಕೈಕೊಡಬಹುದು. ಸೂಚಕ ಮಲಗಿರುವುದಿಲ್ಲ, ಅದು ಸರಿಯಾದ ತೂಕವನ್ನೇ ತೋರಿಸುತ್ತಿರುತ್ತದೆ. ಆದರೆ ಆ ಅಂಕಿ ಕಂಪ್ಯೂಟರಿಗೆ ತಲಪುವುದಿಲ್ಲ. ಒಳ್ಳೆಯ ಕಾರ್ಯಕ್ರಮವಾದರೆ "ಸೂಚಕದಿಂದ ಸುದ್ದಿಯಿಲ್ಲ" ಎಂದು ನಿಲ್ಲುತ್ತದೆ. ಸರಿಯಾಗಿ ಬರೆಯದ ಕಾರ್ಯಕ್ರಮ ಕೊನೆಯ ಬಾರಿ ಬಂದ ಅಂಕಿಯನ್ನೇ ಪರದೆಯ ಮೇಲೆ ಹಿಡಿದುಕೊಂಡಿರುತ್ತದೆ. ನೋಡುವವರಿಗೆ ಅದು ಈಗಿನ ತೂಕದಂತೆಯೇ ಕಾಣುತ್ತದೆ.

ಒಂದು ಉದಾಹರಣೆ ಹಾಕಿಕೊಳ್ಳೋಣ. ರಾತ್ರಿಯ ಕೊನೆಯ ಟ್ರಾಕ್ಟರು ಟ್ರೇಲರಿನ ಒಟ್ಟು ತೂಕ 13,960 ಕಿಲೋ ಎಂದಿರಲಿ. ಬೆಳಗಿನ ಜಾವ ತಮ್ಮದು ಮೊದಲ ಗಾಡಿ. ತಮ್ಮ ನಿಜವಾದ ತೂಕ 14,820. ಕಂಪ್ಯೂಟರು ಆಗತಾನೇ ಎದ್ದಿದೆ; ಪರದೆಯ ಮೇಲೆ 13,960 ನಿಂತಿದೆ. ಗುಮಾಸ್ತ ನಿದ್ದೆಗಣ್ಣಿನಲ್ಲಿ ಮುದ್ರಣದ ಗುಂಡಿ ಒತ್ತಿದರೆ 860 ಕಿಲೋ ಕಬ್ಬು ಹೋಯಿತು. ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ; ಆದರೂ ಹೋಯಿತು. ಹಿಂದಿನ ಗಾಡಿ ತಮ್ಮದಕ್ಕಿಂತ ಭಾರವಾಗಿದ್ದರೆ ನಷ್ಟ ಕಾರ್ಖಾನೆಗೆ. ಸಹಕಾರಿ ಕಾರ್ಖಾನೆಯ ನಷ್ಟವೆಂದರೆ ಅದೂ ಸದಸ್ಯರಾದ ನಮ್ಮೆಲ್ಲರ ನಷ್ಟವೇ.

ಆದುದರಿಂದ ಪ್ರತಿಯೊಬ್ಬ ಸದಸ್ಯನೂ ಮೂರು ವಿಷಯ ನೋಡಬೇಕು.

ಒಂದು: ಗಾಡಿ ಹತ್ತುವ ಮುನ್ನ ಸೂಚಕದ ಮೇಲೆ ಸೊನ್ನೆ ಇದೆಯೇ, ಕಂಪ್ಯೂಟರಿನ ಪರದೆಯ ಮೇಲೂ ಸೊನ್ನೆ ಇದೆಯೇ ನೋಡಿ. ಸೇತುವೆ ಖಾಲಿಯಿದ್ದು ಪರದೆಯ ಮೇಲೆ ತೂಕವಿದ್ದರೆ ಅದು ಹಳಸಿದ ಅಂಕಿ.

ಎರಡು: ಗಾಡಿ ಹತ್ತುತ್ತಿರುವಾಗ ಪರದೆಯ ಅಂಕಿ ಓಡಬೇಕು. ಸೂಚಕದಲ್ಲಿ ಅಂಕಿ ಏರುತ್ತಿದ್ದು ಪರದೆಯಲ್ಲಿ ಕಲ್ಲಿನಂತೆ ನಿಂತಿದ್ದರೆ ಸಂಪರ್ಕ ಕಡಿದಿದೆಯೆಂದೇ ಅರ್ಥ. ಗಾಡಿ ನಿಂತ ಮೇಲೆ ಎರಡೂ ಅಂಕಿಗಳು ಒಂದೇ ಆಗಿರಬೇಕು.

ಮೂರು: ಚೀಟಿ ಕೈಗೆ ಬಂದೊಡನೆ ತೂಕ, ಗಾಡಿಯ ಸಂಖ್ಯೆ, ದಿನಾಂಕ, ವೇಳೆ ನಾಲ್ಕನ್ನೂ ಓದಿ. ಓದಲು ಬಾರದವರು ಓದಿಸಿ ಕೇಳಿ. ಖಾಲಿ ಗಾಡಿಯ ತೂಕಕ್ಕೂ ಇದೇ ನಿಯಮ. ಒಟ್ಟು ತೂಕ ಸರಿಯಿದ್ದು ಖಾಲಿ ತೂಕ ತಪ್ಪಿದರೂ ಕಬ್ಬಿನ ತೂಕ ತಪ್ಪುತ್ತದೆ.

ವ್ಯತ್ಯಾಸ ಕಂಡರೆ ಗಾಡಿಯನ್ನು ಸೇತುವೆಯಿಂದ ಇಳಿಸಬೇಡಿ. ಶಾಂತವಾಗಿ, "ಸ್ವಾಮಿ, ಸೂಚಕದ ಅಂಕಿಯೂ ಪರದೆಯ ಅಂಕಿಯೂ ಸೇರುತ್ತಿಲ್ಲ, ಕಾರ್ಯಕ್ರಮ ಮುಚ್ಚಿ ತೆರೆಯಿರಿ" ಎಂದು ಹೇಳಿ. ಸರಿಯಾದ ಗುಮಾಸ್ತ ಇದಕ್ಕೆ ಸಿಟ್ಟಾಗುವುದಿಲ್ಲ; ಅವನಿಗೂ ಇದು ರಕ್ಷಣೆ. ತೂಕದ ಸಾಧನಗಳಿಗೆ 2009ರ ಕಾನೂನು ಮಾಪನ ಅಧಿನಿಯಮ ಅನ್ವಯಿಸುತ್ತದೆ. ಅದರ ಮೇರೆಗೆ 2011ರಲ್ಲಿ ಬಂದ ನಿಯಮಗಳಂತೆ ತೂಕದ ಸೇತುವೆಯನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಆದರೆ ಆ ಮುದ್ರೆ ತಕ್ಕಡಿ ಸರಿಯಿದೆಯೆನ್ನುತ್ತದೆ, ಬೆಳಗಿನ ಜಾವ ತಂತಿಯ ಮೂಲಕ ಅಂಕಿ ತಲಪಿತೇ ಎಂಬುದನ್ನು ಹೇಳುವುದಿಲ್ಲ. ಅದನ್ನು ನೋಡಬೇಕಾದವರು ನಾವು ಮತ್ತು ತಾವು.

ಬೆರಳಚ್ಚಿನ ವಿಷಯ

ಇನ್ನೊಂದು ಮಾತು ಮುಖ್ಯವಾಗಿ ತಾಯಂದಿರಿಗೆ ಮತ್ತು ವಯಸ್ಸಾದವರಿಗೆ. ಆಂಧ್ರ ಸರಕಾರ 2020ರಲ್ಲಿ ಹಳ್ಳಿಗಳಲ್ಲಿ ರೈತು ಭರೋಸಾ ಕೇಂದ್ರಗಳನ್ನು ತೆರೆಯಿತು; 2024ರಲ್ಲಿ ಅವುಗಳಿಗೆ ರೈತು ಸೇವಾ ಕೇಂದ್ರವೆಂದು ಹೆಸರಾಯಿತು. ಇಂಥ ಕಡೆಗಳಲ್ಲಿ, ಬ್ಯಾಂಕಿನ ಪ್ರತಿನಿಧಿಗಳಲ್ಲಿ, ಆಧಾರ್ ಮೂಲಕ ಬೆರಳು ಒತ್ತುವ ಪ್ರಸಂಗ ಬರುತ್ತದೆ. "ಅಮ್ಮಾ, ನಿನ್ನ ಬೆರಳು ಸವೆದಿದೆ, ಬರುತ್ತಿಲ್ಲ, ನಾಳೆ ಬಾ" ಎಂದು ಹೇಳಿ ಕಳಿಸುವುದುಂಟು. ಕಬ್ಬು ಕಡಿದ ಕೈ, ಕಳೆ ಕಿತ್ತ ಕೈ ಸವೆಯುವುದು ನಿಜ. ಆದರೆ ಪ್ರತಿ ಬಾರಿಯೂ ತಪ್ಪು ಬೆರಳಿನದಲ್ಲ.

ಬೆರಳಚ್ಚಿನ ಯಂತ್ರವೂ ಯುಎಸ್‌ಬಿಯ ಮೂಲಕವೇ ಜೋಡಣೆಯಾಗಿರುವ ಉಪಕರಣ. ಅದರ ಜೊತೆಗೆ "ಆರ್‌ಡಿ ಸರ್ವಿಸ್" ಎಂಬ ತಂತ್ರಾಂಶವೊಂದು ಕಂಪ್ಯೂಟರಿನಲ್ಲಿ ಸದಾ ಓಡುತ್ತಿರಬೇಕು. ಕಂಪ್ಯೂಟರು ಮಲಗಿ ಎದ್ದಾಗ ಯಂತ್ರ ಏಳದಿರಬಹುದು, ಅಥವಾ ಈ ತಂತ್ರಾಂಶ ನಿಂತಿರಬಹುದು. ಆಗ ಪರದೆಯ ಮೇಲೆ ಬರುವ ಸಂದೇಶ "ಉಪಕರಣ ಸಿದ್ಧವಿಲ್ಲ" ಎಂಬ ಅರ್ಥದ್ದು. ಬೆರಳು ಸವೆದಿದ್ದರೆ ಬರುವ ಸಂದೇಶ "ಬೆರಳಚ್ಚು ಹೊಂದಲಿಲ್ಲ" ಎಂಬ ಅರ್ಥದ್ದು. ಇವೆರಡೂ ಬೇರೆ ಬೇರೆ. ಮೊದಲನೆಯದಕ್ಕೆ ಔಷಧಿ ತಂತಿ ತೆಗೆದು ಚುಚ್ಚುವುದು, ಆ ಸರ್ವಿಸನ್ನು ಮತ್ತೆ ಆರಂಭಿಸುವುದು, ಇಲ್ಲವೇ ರೀಸ್ಟಾರ್ಟ್. ಐದು ನಿಮಿಷದ ಕೆಲಸ. ಎರಡನೆಯದಕ್ಕೆ ಬೆರಳು ಮತ್ತು ಗಾಜು ಎರಡನ್ನೂ ಒರೆಸಿ, ಬೇರೆ ಬೆರಳು ಇಟ್ಟು ನೋಡಬೇಕು. ಹತ್ತು ಬೆರಳೂ ದಾಖಲಾಗಿರುತ್ತವೆ, ಹೆಬ್ಬೆರಳೇ ಆಗಬೇಕೆಂದಿಲ್ಲ. ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿಗಾದರೆ ಮೊಬೈಲಿಗೆ ಬರುವ ಒಟಿಪಿಯ ದಾರಿಯೂ ಇದೆ, 2023ರಿಂದ ಮುಖ ತೋರಿಸಿ ದೃಢೀಕರಿಸುವ ದಾರಿಯೂ ಇದೆ.

ಆದುದರಿಂದ ಬೆರಳು ಬರಲಿಲ್ಲವೆಂದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. "ಪರದೆಯ ಮೇಲೆ ಏನು ಬರೆದಿದೆ, ಓದಿ ಹೇಳಪ್ಪಾ" ಎಂದು ಕೇಳಿ. 1953ರಲ್ಲಿ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. 2022ರಲ್ಲಿ ಮಡಕಶಿರೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಯಾವುದೇ ಆಗಲಿ, ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಪರದೆಯ ಮಾತು ಇಂಗ್ಲಿಷ್. ಮೂರು ಭಾಷೆಗಳ ನಡುವೆ ಸಂದೇಶದ ಅರ್ಥ ಕೆಡುವುದು ಸುಲಭ. ಓದಿ ಹೇಳಿಸಿಕೊಳ್ಳುವುದು ಅವಮಾನವಲ್ಲ, ಅದು ತಮ್ಮ ಹಕ್ಕು. ಕಾಲೇಜಿಗೆ ಹೋಗುವ ಮಕ್ಕಳು ಈ ಎರಡು ಸಂದೇಶಗಳ ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ತಿಳಿಸಿಕೊಡಲಿ.

ಒಂದು ಪುಸ್ತಕ ಇಡಿ

ಕೊನೆಯದಾಗಿ ಒಂದು ಸಲಹೆ. ಪ್ರತಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಸಣ್ಣ ನೋಟು ಪುಸ್ತಕ, ದಾರ ಕಟ್ಟಿದ ಪೆನ್ಸಿಲು ಇರಲಿ. ಉಪಕರಣ ಕೈಕೊಟ್ಟಾಗಲೆಲ್ಲ ದಿನಾಂಕ, ವೇಳೆ, ಯಾವ ಉಪಕರಣ, ಅದರ ದೀಪ ಉರಿಯುತ್ತಿತ್ತೇ, ಪರದೆ ಏನು ಹೇಳಿತು, ಯಾವ ಕೆಲಸದಿಂದ ಸರಿಹೋಯಿತು ಎಂದು ಒಂದು ಸಾಲು ಬರೆಯಿರಿ. ಹತ್ತು ಸಾಲು ತುಂಬುವಷ್ಟರಲ್ಲಿ ರೋಗದ ಗುಟ್ಟು ಬಯಲಾಗುತ್ತದೆ. ಯಾವಾಗಲೂ ಕರೆಂಟು ಹೋಗಿ ಬಂದ ಮೇಲೆಯೇ ಆಗುತ್ತಿದ್ದರೆ ದೋಷ ವಿದ್ಯುತ್ತಿನದು. ಮಧ್ಯಾಹ್ನದ ಊಟದ ನಂತರ ಆಗುತ್ತಿದ್ದರೆ ನಿದ್ದೆಯದು. ಒಂದೇ ರಂಧ್ರದಲ್ಲಿ ಆಗುತ್ತಿದ್ದರೆ ಆ ರಂಧ್ರದ್ದು. ರಿಪೇರಿಯವನು ಬಂದಾಗ ಆ ಪುಟ ತೋರಿಸಿದರೆ ಅವನ ಅರ್ಧ ದಿನ, ತಮ್ಮ ಅರ್ಧ ಹಣ ಉಳಿಯುತ್ತದೆ. ಹೊಲದ ದಿನಚರಿ ಬರೆಯುವವನು ಬೇಸಾಯದಲ್ಲಿ ಮುಂದೆ ಬರುವಂತೆ ಇದೂ.

ನಮ್ಮ ತೂಕದ ಮನೆಗಳಲ್ಲಿಯೂ ಇಂಥ ಪುಸ್ತಕವನ್ನು ಇಡಬೇಕೆಂದು ನಾನು ಕೇಳುತ್ತೇನೆ. ತಾವೂ ಕೇಳಬೇಕು. ಬೆಳಗಿನ ಮೊದಲ ಗಾಡಿಗೆ ಮುನ್ನ ಖಾಲಿ ಸೇತುವೆಯ ಸೊನ್ನೆಯನ್ನು ಸೂಚಕದಲ್ಲಿಯೂ ಪರದೆಯಲ್ಲಿಯೂ ನೋಡಿ, ಬರೆದು, ಸಹಿ ಮಾಡುವುದು ಗುಮಾಸ್ತನ ಕರ್ತವ್ಯವಾಗಬೇಕು. ಆ ಸಹಿಯನ್ನು ನೋಡಿ ಗಾಡಿ ಹತ್ತಿಸುವುದು ತಮ್ಮ ಅಭ್ಯಾಸವಾಗಬೇಕು. ಕಂಪ್ಯೂಟರು ಏಳುವುದು ಮರೆಯಬಹುದು; ವರ್ಷವಿಡೀ ಕಬ್ಬಿಗೆ ನೀರು ಕಟ್ಟಿದವರು ಆ ಹತ್ತು ನಿಮಿಷ ಎಚ್ಚರವಾಗಿರೋಣ.